ಇನ್ನೂರ ಒಂಬತ್ತು ಸೆಂಟಿಮೀಟರು

ಮೆದೆಬೆರಿನಲ್ಲಿ ತಗಡು ಬಡಿಯುವ ಸದ್ದಿಗೆ
ನನ್ನ ಕಿವಿ ಯಾವತ್ತೋ ಅರ್ಧ ಹೋಗಿದೆ; ಆದರೂ
ಅಬ್ರೆಹೆತಳ ಸೈಕಲ್ಲಿನ ಸಡಿಲ ಮಡ್‌ಗಾರ್ಡು
ಮೂಲೆ ತಿರುಗುವ ಮುಂಚೆಯೇ ಕೇಳಿಸುತ್ತದೆ.
ಹಿಂದೆ ಬ್ರೆಡ್ಡಿನ ಬುಟ್ಟಿ, ಖಾಲಿ. ಮೊಣಕೈ ತನಕ ಹಿಟ್ಟು.
"ಮೀಟರು ಬೇಕು, ಜೆರೆಮಾರ್ಯಾಮ್. ಇವತ್ತೇ."

ಹಳೇ ರೇನ್‌ಕೋಟು ಹಾಸಿ ಮೂರನ್ನೂ ಇಟ್ಟೆ.

ಒಂದು, ಸ್ವೀಡನ್ನಿನಿಂದ ಯಾರದೋ ಸೋದರಮಾವ ತಂದದ್ದು:
ತಂತಿಯಿಲ್ಲ, ಉಗುರಷ್ಟು ಅಯಸ್ಕಾಂತ, ಗಾಜಿನ ಮುಖ;
ವೇಗ, ದೂರ, ಹೊತ್ತು, ಸರಾಸರಿ, ಎಲ್ಲ ಬಲ್ಲ ಜಾಣ.
ಬ್ಯಾಟರಿ ಸತ್ತು ಎಂಟು ತಿಂಗಳು.
ಅಂಗಿಗುಂಡಿಯಂಥ ಆ ಬಿಲ್ಲೆ ಅಸ್ಮರಾದಲ್ಲಿ ಹುಡುಕಿ ಸಾಕಾಯಿತು;
ಇನ್ನೊಬ್ಬ ಸೋದರಮಾವ ಬರಬೇಕು.

ಎರಡು, ಇಟಲಿಯವರ ಕಾಲದ್ದು, ಮುಳ್ಳಿನದು.
ಮುಂದಿನ ಗಾಲಿಯಿಂದ ಹಾವಿನಂಥ ಕೇಬಲ್ಲು,
ಅರವತ್ತರ ತನಕ ಅಂಕಿ, ಅಂಚಿಗೆ ಹಿತ್ತಾಳೆ.
ದೂರ ಗೊತ್ತಿಲ್ಲ ಅದಕ್ಕೆ. ಈಗ ಎಷ್ಟು, ಅಷ್ಟೇ;
ನಿಂತರೆ ಎಲ್ಲ ಮರೆತು ಸೊನ್ನೆ.

ಮೂರು, ಹೆಬ್ಬೆರಳ ಗಾತ್ರದ ಡಬ್ಬಿ.
ಸ್ಪೋಕಿಗೆ ಕಟ್ಟಿದ ಗೂಟ ಬಂದು ಬಂದು ಅದರ ಹಲ್ಲಿಗೆ ತಟ್ಟಬೇಕು,
ಸುತ್ತಿಗೊಮ್ಮೆ ಟಿಕ್. ಐದು ಅಂಕಿ. ಹಿಂದಕ್ಕೆ ಹೋಗದು.

"ಬೇಕರಿಯ ತೆಕೆಸ್ತೆ ಕಿಲೋಮೀಟರಿಗಿಷ್ಟು ಅಂತ ಕೊಡುವವನು.
ದಿನಕ್ಕೆ ಹನ್ನೊಂದು ಅಂತಾನೆ. ನಾನು ಹದಿನೇಳು ಅಂತೀನಿ.
ಎಷ್ಟು ಜೋರು ಅಂತ ಅವನು ಕೇಳಿಲ್ಲ, ನಾನೂ ಹೇಳಿಲ್ಲ."
ಡಬ್ಬಿಯನ್ನೇ ಕೈಗೆತ್ತಿಕೊಂಡಳು.

ಇರು, ಅಂದೆ. ಇದು ಇಪ್ಪತ್ತೆಂಟರ ಗಾಲಿಗೆ ಮಾಡಿದ್ದು,
ನಿನ್ನದು ಇಪ್ಪತ್ತಾರು. ಇದಕ್ಕೆ ರಸ್ತೆ ಗೊತ್ತಿಲ್ಲ, ಗಾಲಿ ಗೊತ್ತು;
ಗಾಲಿಯ ಅಳತೆ ತಪ್ಪಿದರೆ ಊರೇ ಉದ್ದವಾಗುತ್ತದೆ.
ಟೈರಿಗೆ ಸುಣ್ಣದ ಚುಕ್ಕೆ ಇಟ್ಟು ಒಂದು ಸುತ್ತು ಉರುಳಿಸಿದೆವು.
ನೆಲದ ಮೇಲೆ ಎರಡು ಬಿಳಿ ಗುರುತು, ನಡುವೆ ದರ್ಜಿಯ ಟೇಪು:
ಇನ್ನೂರ ಹತ್ತು.
ಈಗ ಹತ್ತಿ ಕೂತು. ಇನ್ನೂರ ಒಂಬತ್ತು.
ಬಗ್ಗಿ ನೋಡಿದಳು, ಎಲ್ಲಿ ಹೋಯಿತು ಆ ಒಂದು ಎಂದು.
ಅದು ನೀನು, ಅಂದೆ. ನಿನ್ನ ತೂಕ.
ಬುಟ್ಟಿ ತುಂಬಿದರೆ ಇನ್ನೊಂದು ಕೂದಲು.

ಮೀಟರು ನೂರಂದರೆ ನೀನು ತೊಂಬತ್ತೈದು ಅನ್ನು.
"ಐದು ಬಿಡಬೇಕಾ?" ಮುಖ ಸಣ್ಣದಾಯಿತು. ಆಮೇಲೆ
ಬುಟ್ಟಿಯ ಪಟ್ಟಿಯ ಮೇಲೆ ಮೊಳೆಯಿಂದ ಗೀಚಿಕೊಂಡಳು.

ಆರು ದಿನ ಓಣಿಯುದ್ದಕ್ಕೂ ಟಿಕ್ಕೆಂದಳು.
ಮೀಟರು ಹದಿನೈದು; ಬಿಡುವುದು ಬಿಟ್ಟು ಹದಿನಾಲ್ಕೂಕಾಲು.
ಅವನದೂ ಅಲ್ಲ, ಅವಳದೂ ಅಲ್ಲ.
"ಮನೆಯಲ್ಲಿ ಗಾಲಿ ಎತ್ತಿ ತಿರುಗಿಸಿದ್ದೀಯ" ಎಂದ ತೆಕೆಸ್ತೆ,
ಮರುದಿನ ನಸುಕಿಗೆ ತಾನೇ ಹತ್ತಿದ, ಅಷ್ಟು ಹೊಟ್ಟೆ ಹೊತ್ತು.
ಚರ್ಚಿನ ಏರಿನಲ್ಲಿ ಇಳಿದ, ತಳ್ಳಿದ, ಕೂತ, ತಳ್ಳಿದ.
ತಳ್ಳಿದರೂ ಎಣಿಸುತ್ತದೆ ಗಾಲಿ.
ಬಂದು ನಿಂತಾಗ ಹದಿನೈದು.
ಏರಿಗೂ ಇಳಿಜಾರಿಗೂ ಒಂದೇ ಟಿಕ್ ಯಾಕೆ ಎಂದು ನನ್ನನ್ನು ಬೈದ,
ರಸ್ತೆ ಮಾಡಿದವನು ನಾನೇ ಅನ್ನುವ ಹಾಗೆ.
ಅಲ್ಲಿಗೆ ತಕರಾರು ಮುಗಿಯಿತು. ಈಗ ಕಾಲಿಗೂ ಕೂಲಿ.

ಶನಿವಾರ ಸಂಜೆ ಮತ್ತೆ ಮಡ್‌ಗಾರ್ಡು.
"ಆ ಮುಳ್ಳಿನದು ಇದೆಯಾ ಇನ್ನೂ?"
ಅದಕ್ಕೆ ಯಾರು ಕಾಸು ಕೊಡುತ್ತಾರೆ, ಅಂದೆ.
"ಯಾರೂ ಕೊಡಲ್ಲ" ಅಂದಳು, ಅದೇ ಕಾರಣ ಅನ್ನುವ ಹಾಗೆ.

ಭಾನುವಾರ ಬುಟ್ಟಿ ಬಿಚ್ಚಿಟ್ಟು ನೆಫಾಸಿತ್ ಕಡೆ ಬಿಟ್ಟಳು.
ರಸ್ತೆ ಮೇಲೆ, ಮಂಜು ಕೆಳಗೆ, ತಿರುವಿಗೊಂದು ಕಪಿಗಳ ಸಂಸಾರ;
ಪಾಪಾಸುಕಳ್ಳಿ ಹಣ್ಣು ಮಾರುವ ಹುಡುಗರು ಡಬ್ಬ ಬಿಟ್ಟು ಹಾರಿದರಂತೆ.
ವಾಪಸು ಲಾರಿಯಲ್ಲಿ ಬಂದಳಂತೆ.

ಸೋಮವಾರ ನನ್ನ ಅಂಗಡಿ ಮುಂದೆ ಸೈಕಲ್ಲು ನಿಂತಿದೆ,
ಗಾಲಿ ಅಲುಗುತ್ತಿಲ್ಲ, ಮುಳ್ಳು ಮಾತ್ರ ಐವತ್ತೆರಡರಲ್ಲಿ.
ಸ್ಪ್ರಿಂಗು ಹೋಗಿದೆ, ಎರಡು ನಿಮಿಷದ ಕೆಲಸ, ಕೊಡು, ಅಂದೆ.
ಅಂಗೈಯಿಂದ ಗಾಜು ಮುಚ್ಚಿಕೊಂಡಳು.